ಕಲ್ಲಹಳ್ಳಿಯ ಮಂಗರಸನೂ ಉಜ್ಜಯಿನಿಯ ರಾಜಪುತ್ರಿಯರೂ

ಲೋಕದ ಬಳಕೆಯಿಲ್ಲದೆ ಬೆಳೆದ ಅಕ್ಕತಂಗಿಯರನ್ನು ಕಥೆಯ ನಡುವಿಗಿಟ್ಟು, ಅವರು ಹೊರಗೆ ಕಾಲಿಟ್ಟ ಬಳಿಕ ಏನಾಗುವುದೋ ಎಂದು ವಾಚಕನನ್ನು ಕಾತರಗೊಳಿಸುವ ಕಾದಂಬರಿಗಳು ಪಾಶ್ಚಾತ್ಯ ಮಾದರಿಯಿಂದಲೇ ಹುಟ್ಟಿದವೆಂದು ಹೇಳುವುದುಂಟು. ಗದ್ಯರೂಪದ ಮಟ್ಟಿಗೆ ಈ ಮಾತು ದಿಟವು. ವಸ್ತುವಿನ ಮಟ್ಟಿಗಾದರೋ ಸಲ್ಲದು. ಗಾವಡಗೆರೆಯನ್ನೊಳಗೊಂಡ ಹುಣಸೂರು ಸೀಮೆಯಲ್ಲಿಯೇ ಇದಕ್ಕೆ ಸಮೀಪವಾದ ಕಥೆಯೊಂದು ಸಾಂಗತ್ಯವಾಗಿ ರಚಿತವಾಗಿರುವುದು.

ಸುಮಾರು 1508ರಲ್ಲಿದ್ದ ಮೂರನೆಯ ಮಂಗರಸನು ಈ ಸೀಮೆಯ ಕಲ್ಲಹಳ್ಳಿಯ ಪ್ರಭು. ಚಂಗಾಳ್ವರ ಮಂತ್ರಿವಂಶದಲ್ಲಿ ಜನಿಸಿದ ಜೈನನು. ಜಯನೃಪಕಾವ್ಯ, ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿ, ಪ್ರಭಂಜನಚರಿತೆ, ಸೂಪಶಾಸ್ತ್ರಗಳೊಡನೆ ಶ್ರೀಪಾಲಚರಿತೆಯೂ ಆತನ ಕೃತಿಯು. ಪಾಕಶಾಸ್ತ್ರವನ್ನೂ ಬರೆದ ಪಾಳೆಯಗಾರನೆಂಬ ವಿನೋದವನ್ನು ಕಂಡವರು ಶ್ರೀಪಾಲನ ಕಥೆಯತ್ತ ಅಷ್ಟಾಗಿ ನೋಡಿದಂತೆ ತೋರುವುದಿಲ್ಲ.

ದಿಗಂಬರ ಪರಂಪರೆಯಲ್ಲಿ ಬಂದ ಕಥೆ ಹೀಗಿರುವುದು. ಉಜ್ಜಯಿನಿಯ ಅರಸನಿಗೆ ಸುರಸುಂದರಿ, ಮೈನಾಸುಂದರಿಯರೆಂಬ ಇಬ್ಬರು ಪುತ್ರಿಯರು. ಹಿರಿಯಳು ಶೈವಗುರುವಿನಲ್ಲಿಯೂ ಕಿರಿಯಳು ಜೈನಗುರುವಿನಲ್ಲಿಯೂ ಓದಿದರು. ಋಷ್ಯಶೃಂಗನಂತೆ ಅಡವಿಯ ಏಕಾಂತವಲ್ಲವಾದರೂ, ಒಂದೇ ಅರಮನೆಯ ಕೂಸುಗಳು ಒಬ್ಬರ ಲೋಕವನ್ನು ಇನ್ನೊಬ್ಬರು ಅರಿಯದೆ ಬೆಳೆದುದೇ ಇಲ್ಲಿಯ ಬೀಜವು. ವಿದ್ಯೆ ಮುಗಿದ ಬಳಿಕ ತಂದೆಯು ವರನ ವಿಷಯವಾಗಿ ಕೇಳಿದನು. ಅಕ್ಕನು ತಾನು ಮೆಚ್ಚಿದವನನ್ನು ಹೇಳಿದಳು. ತಂಗಿಯಾದರೋ ಸುಖದುಃಖಗಳು ಕರ್ಮಾಧೀನವೆಂದೂ ತಂದೆಯ ಅನುಗ್ರಹದಿಂದ ಬರುವವಲ್ಲವೆಂದೂ ನುಡಿದಳು. ಅರಸನು ಕೆರಳಿ, ಏಳುನೂರು ಕುಷ್ಠರೋಗಿಗಳೊಡನೆ ಊರ ಹೊರಗೆ ಬಂದಿಳಿದಿದ್ದ ಚಂಪಾಪುರದ ಶ್ರೀಪಾಲನಿಗೆ ಅವಳನ್ನು ಕೊಟ್ಟನು. ಗುರುಗೃಹದಿಂದ ಹೊರಬಂದವಳಿಗೆ ಸಮಾಜದಿಂದ ಎರಡನೆಯ ಬಹಿಷ್ಕಾರವು ಕಾದಿದ್ದಿತು.

ಸಿದ್ಧಚಕ್ರದ ಆರಾಧನೆಯಿಂದ ರೋಗವು ನೀಗುವುದೆಂಬುದು ನೋಂಪಿಗಾಗಿ ಕಥೆ ಕೇಳಲು ಕುಳಿತವರಿಗೆ ಮೊದಲೇ ತಿಳಿದ ವಿಷಯವು. ಹೀಗಿರಲು ಕುತೂಹಲವು ಎಲ್ಲಿಯದು? ತನ್ನ ಮಾತು ನಿಜವೆಂದು ತಂದೆಯ ಎದುರಿಗೆ ಎಂದು, ಯಾವ ಬಗೆಯಿಂದ ಸ್ಥಾಪಿತವಾಗುವುದೆಂಬುದೇ ಇಲ್ಲಿ ಕಾಯಿಸುವ ಸಂಗತಿಯು. ಶ್ರೀಪಾಲನು ಹನ್ನೆರಡು ವರ್ಷಗಳ ಅವಧಿ ಹೇಳಿ ದೇಶಾಂತರಕ್ಕೆ ಹೋಗುವನು. ಧವಳನೆಂಬ ವ್ಯಾಪಾರಿಯ ಕಪಟದಿಂದ ಕಡಲಿಗೆ ಬೀಳುವನು. ಅವಧಿಯ ಕಡೆಯ ರಾತ್ರಿ ಮೈನಾಸುಂದರಿಯು ಬೆಳಗಾದರೆ ದೀಕ್ಷೆ ಕೈಕೊಳ್ಳುವೆನೆಂದು ಅತ್ತೆಗೆ ಹೇಳುತ್ತಿರುವಾಗ, ಬಾಗಿಲ ಹೊರಗೆ ನಿಂತ ಗಂಡನು ಆ ಮಾತನ್ನು ಕೇಳುವನು. ಇನ್ನೊಂದು ರಾತ್ರಿ ತಡವಾಗಿದ್ದರೆ ಕಥೆಯೇ ಬೇರೆಯಾಗುತ್ತಿದ್ದಿತು. ಅಕ್ಕನ ಗತಿಯನ್ನು ಬೆಳೆಸಿದವರು ಶ್ವೇತಾಂಬರರು: ರತ್ನಶೇಖರಸೂರಿಯ ಪ್ರಾಕೃತಕೃತಿಯಲ್ಲಿ (1372) ಸುರಸುಂದರಿಯು ಕಳ್ಳರ ಕೈಗೆ ಸಿಕ್ಕಿ ಮಾರಲ್ಪಟ್ಟು, ರಂಗದ ಮೇಲೆ ನಿಂತಿರುವಾಗಲೇ ತನ್ನವರಿಂದ ಗುರುತಿಸಲ್ಪಡುವಳು. ಸೋತ ಪಕ್ಷದವಳೆಂದು ಅವಳನ್ನು ಇಷ್ಟು ದಂಡಿಸುವುದು ನ್ಯಾಯವೆನಿಸುವುದಿಲ್ಲ. ಆಕೆಯ ಅಪರಾಧವು ಗುರುವು ಕಲಿಸಿದುದನ್ನು ಒಪ್ಪಿಸಿದುದಷ್ಟೆ.

ಶೈವಗುರುವಿನ ಶಿಷ್ಯೆ, ಜೈನಗುರುವಿನ ಶಿಷ್ಯೆ ಎಂಬ ಭೇದವು ಕಲ್ಲಹಳ್ಳಿಯಲ್ಲಿ ಬರಿಯ ಪುರಾಣವಾಗಿರಲಾರದು. ಹನಸೋಗೆಯ ಬಸದಿಗಳಿಗೆ ಪೂರ್ವದಲ್ಲಿ ಆಶ್ರಯವಿತ್ತ ಚಂಗಾಳ್ವರು ಆ ಹೊತ್ತಿಗೆ ಶೈವರಾಗಿ, ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವಾಗಿ ಪಡೆದಿದ್ದರು. ಜೈನರು ಅಳಿದುಹೋಗಿದ್ದರೆಂದಲ್ಲ: ನಂಜರಾಯಪಟ್ಟಣದ ಶ್ರಾವಕರು ಸುಮಾರು 1509ರಲ್ಲಿ ಶ್ರವಣಬೆಳ್ಗೊಳದ ಗೊಮ್ಮಟನ ಬಳ್ಳಿವಾಡವನ್ನು ಜೀರ್ಣೋದ್ಧಾರಮಾಡಿಸಿದರೆಂದು ಶಾಸನವು ಹೇಳುವುದು. ಶಿವಭಕ್ತನಾದ ಒಡೆಯನ ಕೈಕೆಳಗಿನ ಜೈನಪ್ರಭುವೊಬ್ಬನು, ಅರಸನ ಅನುಗ್ರಹಕ್ಕಿಂತ ಕರ್ಮವೇ ಬಲವತ್ತರವೆಂದು ನುಡಿದ ಹೆಣ್ಣಿನ ಕಥೆಯನ್ನು ಆರಿಸಿಕೊಂಡುದು ವಿಚಾರಾರ್ಹವು. ರಾಜಸಭೆಯಲ್ಲಿ ಆಡಲಾಗದ ಮಾತನ್ನು ಉಜ್ಜಯಿನಿಯ ಬಾಲಿಕೆಯ ಬಾಯಲ್ಲಿ ಆಡಿಸುವುದು ಸುಲಭವು.

ಮರೆಯಲ್ಲಿ ನಿಂತು ಕೇಳುವ ತಂತ್ರದ ಕಥೆಗಳಲ್ಲಿ ಈ ಕವಿಗೆ ಒಲವಿದ್ದಿತೆಂದು ಊಹಿಸಬಹುದು. ಸಮ್ಯಕ್ತ್ವಕೌಮುದಿಯ ಕಥೆಯೂ ಅಂತಹುದೇ: ಅರ್ಹದ್ದಾಸಶ್ರೇಷ್ಠಿಯೂ ಆತನ ಪತ್ನಿಯರೂ ರಾತ್ರಿಯಲ್ಲಿ ತಮಗೆ ಸಮ್ಯಕ್ತ್ವವುಂಟಾದ ಕಾರಣವನ್ನು ಹೇಳಿಕೊಳ್ಳುತ್ತಿರಲು, ಅರಸನೂ ಮಂತ್ರಿಯೂ ಕಳ್ಳನೊಬ್ಬನೂ ಹೊರಗಿನಿಂದ ಕೇಳುವರು. ಕುಂದಲತೆಯೊಬ್ಬಳು ಯಾವ ಕಥೆಯನ್ನೂ ನಂಬೆನೆನ್ನುವಳು. ಬೆಳಗಾದೊಡನೆ ಅವಳನ್ನು ದಂಡಿಸಬೇಕೆಂದು ಅರಸನು ನಿಶ್ಚಯಿಸುವನು. ಬೆಳಿಗ್ಗೆ ಕೇಳಿದಾಗ ಅವಳು, ಇಷ್ಟನ್ನು ಕಂಡೂ ಕೇಳಿಯೂ ಸಂಸಾರವನ್ನು ಬಿಡದವರ ಮಾತನ್ನು ಹೇಗೆ ನಂಬಲೆಂದು ಉತ್ತರಕೊಟ್ಟು ದೀಕ್ಷೆಗೆ ಹೊರಡುವಳು.