ಹೋಶಂಗಾಬಾದಿನ ವಾಲ್‌ಟ್ಯೂಬು, ಪುಣೆಯ ವೆಬ್‌ಸೈಟು

ಹೋದ ವಿಡಿಯೋ ನೋಡಿದ ಕೆಲವರು "ಮಾತು ತುಂಬಾ ಬೇಗ ಬೇಗ ಆಯ್ತು, ಬರೆದು ಹಾಕಿ" ಅಂದ್ರು. ಸರಿ, ಅದನ್ನೇ ಸ್ವಲ್ಪ ತಿದ್ದಿ ಹಾಕ್ತಿದ್ದೀನಿ. ಕ್ಯಾಮೆರಾ ಮುಂದೆ ಮರೆತುಬಿಟ್ಟಿದ್ದ ಒಂದೆರಡು ವಿಷಯಾನೂ ಸೇರಿಸಿದ್ದೀನಿ.

ಕಥೆ ಶುರುವಾಗೋದು 2020ರಲ್ಲಿ, ವಾಕಡ್‌ನ ನಮ್ಮ ಫ್ಲ್ಯಾಟ್‌ನಲ್ಲಿ. ಅಪ್ಪ ಫೆಬ್ರವರಿಯಲ್ಲಿ "ಎರಡು ವಾರ ಇದ್ದು ಹೋಗ್ತೀನಿ" ಅಂತ ತುಮಕೂರು ಕಡೆಯಿಂದ ಬಂದವರು ಲಾಕ್‌ಡೌನ್‌ನಲ್ಲಿ ಸಿಕ್ಕಿಹಾಕಿಕೊಂಡರು. ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು, ಕನ್ನಡದಲ್ಲಿ. ನನ್ನ ಮಗಳು ಆಗ ಆರನೇ ಕ್ಲಾಸು. ಇಂಗ್ಲಿಷ್ ಮೀಡಿಯಂ, ಹೊರಗೆ ಹಿಂದಿ, ಗೆಳತಿಯರ ಜೊತೆ ಮರಾಠಿ. ತಾತನ ಜೊತೆ ಊಟ, ಆಟ, ಜಗಳ ಎಲ್ಲಾ ಕನ್ನಡದಲ್ಲೇ ನಡೀತಿತ್ತು. ಪುಸ್ತಕ ತೆಗೆದರೆ ಮಾತ್ರ ಇಬ್ಬರೂ ಮೂಕರು. ಇವಳು ಕಂಡಕ್ಟರ್, ಇನ್ಸುಲೇಟರ್ ಅಂದ್ರೆ ಅವರು "ಕಂಡಕ್ಟರ್ರಾ? ಟಿಕೆಟ್ ಕೊಡೋನಾ?" ಅಂತ ತಮಾಷೆ ಮಾಡೋರು. ಅವರು ವಾಹಕ, ಅವಾಹಕ ಅಂದ್ರೆ ಇವಳು ನನ್ನ ಮುಖ ನೋಡೋಳು. ನಾನು ಮೀಟಿಂಗ್‌ನಲ್ಲಿ ಮ್ಯೂಟ್ ಹಾಕಿ ಇಬ್ಬರಿಗೂ ದುಭಾಷಿ.

ಇಷ್ಟು ಸಾಲದು ಅಂತ ನಾನೊಂದು ದೊಡ್ಡ ಕೆಲಸ ಮಾಡಿದ್ದೆ. ಒಂದು ಕಲಿಕಾ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದ್ದೆ. ಎಷ್ಟು ಅಂತ ಹೇಳಲ್ಲ, ಅಪ್ಪನಿಗೂ ಹೇಳಿಲ್ಲ. ಅದರಲ್ಲಿ ಎಲೆಕ್ಟ್ರಿಕ್ ಮೋಟರ್ ಬಗ್ಗೆ ಚೆಂದದ ಆ್ಯನಿಮೇಷನ್ ಇತ್ತು. ಮಗಳು ಮೂರು ಸಲ ನೋಡಿದಳು, ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದಳು. ಅಪ್ಪ ಪಕ್ಕದಲ್ಲಿ ಕೂತು ನೋಡಿ, "ತಿರುಗ್ತಾ ಇರೋದು ಸರಿ, ನಿಲ್ಲೋದು ಯಾವಾಗ ಅಂತ ಕೇಳು ಅವಳನ್ನ" ಅಂದ್ರು. ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಹುಡುಕುವಾಗ ಸಿಕ್ಕಿದ್ದು ಅರವಿಂದ್ ಗುಪ್ತಾ ಅವರ ವೆಬ್‌ಸೈಟು. ಹೆಸರು ಕೇಳಿದ್ದೆ, 2018ರಲ್ಲಿ ಪದ್ಮಶ್ರೀ ಬಂದಾಗ. ನೋಡಿದ್ದು ಅದೇ ಮೊದಲು. ಕಸದಿಂದ ಮಾಡೋ ನೂರಾರು ಆಟಿಕೆಗಳು, ಒಂದೆರಡು ನಿಮಿಷದ ಪುಟ್ಟ ಪುಟ್ಟ ವಿಡಿಯೋಗಳು, ಸಾವಿರಾರು ಪುಸ್ತಕಗಳು. ಎಲ್ಲಾ ಬಿಟ್ಟಿ. ಲಾಗಿನ್ ಇಲ್ಲ, ಓಟಿಪಿ ಇಲ್ಲ, ಮಾರನೇ ದಿನ ಸೇಲ್ಸ್‌ನವರ ಫೋನೂ ಇಲ್ಲ. ವೆಬ್‌ಸೈಟಿನ ರೂಪ ನೋಡಿದ್ರೆ ನಮ್ಮ ಡಿಸೈನ್ ಟೀಮಿನವರು ಅತ್ತುಬಿಡ್ತಾರೆ, ಆ ಮಾತು ಬೇರೆ. ಕೆಲವು ವಿಡಿಯೋಗಳಿಗೆ ಕನ್ನಡ ದನಿಯೂ ಇತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಕೂತರು.

ಅಲ್ಲಿಂದ ನಾನು ಹಿಂದಕ್ಕೆ ಓದ್ತಾ ಹೋದೆ. ಈ ವಿಡಿಯೋಗಳ ಬೇರು ಇಂಟರ್ನೆಟ್‌ನಲ್ಲಿ ಇಲ್ಲವೇ ಇಲ್ಲ. ಅದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿದೆ. ಈಗ ಅದರ ಹೆಸರು ನರ್ಮದಾಪುರಂ.

1972. ಅನಿಲ್ ಸದ್ಗೋಪಾಲ್ ಅಂತ ಒಬ್ಬರು, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌.ಡಿ. ಮಾಡಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇದ್ದವರು, ಆ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ಕಿಶೋರ್ ಭಾರತಿ ಅನ್ನೋ ಸಂಸ್ಥೆ ಕಟ್ಟಿದ್ದರು. ಅವರು ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್‌ನವರು ಸೇರಿ ಸರ್ಕಾರದ ಹತ್ರ 16 ಮಿಡ್ಲ್ ಸ್ಕೂಲುಗಳನ್ನು ಕೇಳಿ ತಗೊಂಡರು. ಬಾಯಿಪಾಠ ಬೇಡ, ಮಕ್ಕಳು ಮಾಡಿ ನೋಡಿ ಕಲೀಲಿ ಅನ್ನೋದು ಅವರ ಹಟ. ಆದರೆ ಆ ಸ್ಕೂಲುಗಳಲ್ಲಿ ಲ್ಯಾಬ್ ಎಲ್ಲಿಂದ ಬರಬೇಕು? ಹೂವು ಬಿಡಿಸಿ ನೋಡೋಕೆ ಸೂಜಿ ಬೇಕಾದರೆ ಜಾಲಿ ಮುಳ್ಳು. ಹೀಗೆ ಸುತ್ತಮುತ್ತ ಸಿಗೋದರಲ್ಲೇ ಒಂದು ಕಿಟ್ ತಯಾರಾಯ್ತು. ಪಠ್ಯದ ಹೆಸರು 'ಬಾಲ ವೈಜ್ಞಾನಿಕ'. ಅದರಲ್ಲಿ ಉತ್ತರಕ್ಕಿಂತ ಪ್ರಶ್ನೆಗಳೇ ಜಾಸ್ತಿ. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು, ಜೊತೆಗೆ ಕೈಯಲ್ಲಿ ಮಾಡಿ ತೋರಿಸೋ ಪರೀಕ್ಷೆಯೂ ಇತ್ತು. ಸವಾಲೀರಾಮ್ ಅನ್ನೋ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ಏನು ಬೇಕಾದರೂ ಕೇಳಬಹುದಿತ್ತು, ಉತ್ತರ ಬರ್ತಿತ್ತು. ಟಿಐಎಫ್‌ಆರ್ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಜೆಯಲ್ಲಿ ಬಂದು ಹಳ್ಳಿ ಮೇಷ್ಟರುಗಳ ಜೊತೆ ನೆಲದ ಮೇಲೆ ಕೂತು ಪ್ರಯೋಗ ಮಾಡ್ತಿದ್ದರು. 1982ರಲ್ಲಿ ಈ ಕೆಲಸವನ್ನು ಮುಂದುವರಿಸೋಕೆ ಏಕಲವ್ಯ ಅನ್ನೋ ಸಂಸ್ಥೆ ಹುಟ್ಟಿತು.

ಇಲ್ಲಿ ನಮ್ಮ ಪುಣೆ ಬರುತ್ತೆ. ಅರವಿಂದ್ ಗುಪ್ತಾ 1975ರಲ್ಲಿ ಐಐಟಿ ಕಾನ್ಪುರದಿಂದ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಬಂದು ಸೇರಿದ್ದು ಇಲ್ಲಿನ ಟೆಲ್ಕೋಗೆ, ಅಂದರೆ ಇವತ್ತಿನ ಟಾಟಾ ಮೋಟರ್ಸ್‌ಗೆ. ಲಾರಿ ಮಾಡೋ ಕೆಲಸ. ಕಾಲೇಜಿನಲ್ಲಿದ್ದಾಗ ಸದ್ಗೋಪಾಲ್ ಅವರ ಭಾಷಣ ಕೇಳಿದ್ದರು, ಅದು ತಲೆಯಲ್ಲಿ ಕೂತಿತ್ತು. 1978ರಲ್ಲಿ ಒಂದು ವರ್ಷ ರಜೆ ತಗೊಂಡು ಹೋಶಂಗಾಬಾದ್ ಕಡೆ ಹೊರಟರು. ನಮ್ಮಲ್ಲಿ ಯಾರಾದ್ರೂ ಮ್ಯಾನೇಜರ್ ಹತ್ರ ಹೋಗಿ "ಹಳ್ಳಿ ಸ್ಕೂಲಲ್ಲಿ ಬೆಂಕಿಕಡ್ಡಿ ಜೋಡಿಸೋಕೆ ಒಂದು ವರ್ಷ ರಜೆ ಕೊಡಿ" ಅಂತ ಕೇಳಿದ್ದನ್ನ ಊಹಿಸಿಕೊಳ್ಳಿ!

ತಮಾಷೆಗೆ ಹೇಳಿದ್ದಲ್ಲ, ಬೆಂಕಿಕಡ್ಡಿಯೇ. ಅಲ್ಲಿನ ವಾರದ ಸಂತೆಯಲ್ಲಿ ಅವರಿಗೆ ಸೈಕಲ್ಲಿನ ವಾಲ್‌ಟ್ಯೂಬ್ ಸಿಕ್ಕಿತು, ಗಾಳಿ ತುಂಬೋ ಕಡೆ ಇರುತ್ತಲ್ಲ, ಆ ಸಣ್ಣ ರಬ್ಬರ್ ಕೊಳವೆ. ಅದರ ಚೂರಿಗೆ ಎರಡು ಕಡೆಯಿಂದ ಬೆಂಕಿಕಡ್ಡಿ ಸಿಕ್ಕಿಸಿದರೆ ಒಂದು ಕೀಲು. ಮೂರು ಕಡ್ಡಿ, ಮೂರು ಕೀಲು, ತ್ರಿಭುಜ. ನಾಲ್ಕಾದರೆ ಚೌಕ. ಚೌಕವನ್ನ ಒಂದು ಕಡೆಯಿಂದ ಅಮುಕಿ, ವಾಲಿಕೊಂಡು ವಜ್ರಾಕೃತಿ ಆಗುತ್ತೆ. ತ್ರಿಭುಜ ಅಮುಕಿ ನೋಡಿ, ಜಗ್ಗಲ್ಲ. ಮೊಬೈಲ್ ಟವರಿನಲ್ಲಿ, ರೈಲ್ವೆ ಸೇತುವೆಯಲ್ಲಿ, ನಮ್ಮೂರ ಹೆಂಚಿನ ಮನೆ ಮಾಡಿನಲ್ಲಿ ಯಾಕೆ ತ್ರಿಭುಜಗಳೇ ತುಂಬಿವೆ ಅನ್ನೋದಕ್ಕೆ ಬೇರೆ ವಿವರಣೆ ಬೇಕಾ? ನಾನು ಸಿವಿಲ್ ಗೆಳೆಯರ ಜೊತೆ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿದ್ದೆ, ಇದು ಕೈಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ.

ಆಮೇಲೆ 2002. ಈ ವರ್ಷದ ಹತ್ರ ನಾನು ಸ್ವಲ್ಪ ನಿಲ್ಲಬೇಕು.

ಆ ಹೊತ್ತಿಗೆ ಹೋಶಂಗಾಬಾದ್ ಕಾರ್ಯಕ್ರಮ 15 ಜಿಲ್ಲೆಗಳಿಗೆ, ಸುಮಾರು ಸಾವಿರ ಶಾಲೆಗಳಿಗೆ ಹರಡಿತ್ತು. ಮೂವತ್ತು ವರ್ಷದ ಕೆಲಸ. 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಅದನ್ನು ಮುಚ್ಚಿತು. ದೇಶದ ಅನೇಕ ವಿಜ್ಞಾನಿಗಳು ಪ್ರತಿಭಟಿಸಿದರು, ಪ್ರಯೋಜನ ಆಗಲಿಲ್ಲ. ಅದೇ 2002ರಲ್ಲಿ ಅಮೆರಿಕದ ಕೊಲರಾಡೋದಲ್ಲಿ, ಹಿಂದಿನ ವರ್ಷವಷ್ಟೇ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದಿದ್ದ ಕಾರ್ಲ್ ವೀಮನ್ 'ಫೆಟ್' ಶುರು ಮಾಡಿದರು, ಕಂಪ್ಯೂಟರಿನಲ್ಲಿ ವಿಜ್ಞಾನದ ಪ್ರಯೋಗ ಮಾಡಿ ನೋಡೋ ಸಿಮ್ಯುಲೇಷನ್‌ಗಳು. ಎಂಐಟಿ ತನ್ನ ಪಾಠಗಳನ್ನೆಲ್ಲ ಬಿಟ್ಟಿಯಾಗಿ ನೆಟ್‌ಗೆ ಹಾಕ್ತೀವಿ ಅಂತ 2001ರಲ್ಲೇ ಘೋಷಿಸಿತ್ತು. ನಮ್ಮ ಎನ್‌ಪಿಟಿಇಎಲ್ 2003ರಲ್ಲಿ ಶುರು, ಐಐಟಿಗಳ ಜೊತೆ ಬೆಂಗಳೂರಿನ ಐಐಎಸ್‌ಸಿಯೂ ಸೇರಿ. ಅದರ ಉಪಕಾರ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಪರೀಕ್ಷೆ ಹಿಂದಿನ ರಾತ್ರಿ ನೋಡಿರ್ತೀರಿ. ಒಂದು ಕಡೆ ಮೇಷ್ಟರು ಮತ್ತು ಮಕ್ಕಳು ಕೂಡಿ ಕಟ್ಟಿದ್ದು ಮುಚ್ಚಿಹೋಯ್ತು, ಇನ್ನೊಂದು ಕಡೆ ತೆರೆಯ ಮೇಲಿನದು ತೆರೆದುಕೊಂಡಿತು. ಇದು ಕಾಕತಾಳೀಯ. ಆದರೂ ಓದುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಯ್ತು.

ಮುಚ್ಚಿದ್ದು ಪೂರ್ತಿ ಸಾಯಲಿಲ್ಲ ಅನ್ನೋದೇ ಸಮಾಧಾನ. 'ಬಾಲ ವೈಜ್ಞಾನಿಕ' ಇವತ್ತೂ ಏಕಲವ್ಯದ ವೆಬ್‌ಸೈಟಿನಲ್ಲಿ ಸಿಗುತ್ತೆ. ಇತ್ತ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಜಯಂತ್ ನಾರ್ಳೀಕರ್ ಕಟ್ಟಿದ ಆಯುಕಾ ಇತ್ತು, ಖಗೋಳಶಾಸ್ತ್ರದ ಸಂಸ್ಥೆ. ಅಲ್ಲಿ ಪು.ಲ. ದೇಶಪಾಂಡೆಯವರ ಪ್ರತಿಷ್ಠಾನದ ನೆರವಿನಿಂದ ಮಕ್ಕಳಿಗಾಗಿ 'ಮುಕ್ತಾಂಗಣ ವಿಜ್ಞಾನ ಶೋಧಿಕಾ' ಎದ್ದಿತು. ಮರಾಠಿಯ ನಗೆ ಸಾಹಿತಿಯ ಹೆಸರಿನ ದುಡ್ಡು, ನಕ್ಷತ್ರ ನೋಡೋರ ಜಾಗ, ಕಸದಿಂದ ಆಟಿಕೆ ಮಾಡೋ ಇಂಜಿನಿಯರ್, ಎಂಥಾ ಜೋಡಿ ನೋಡಿ! ಗುಪ್ತಾ 2003ರಿಂದ 2014ರವರೆಗೆ ಅಲ್ಲಿದ್ದರು. ಅಶೋಕ್ ರೂಪನೇರ್ ಮುಂತಾದ ಸಂಗಾತಿಗಳ ಜೊತೆ ಸೇರಿ, ಹೋಶಂಗಾಬಾದಿನ ದಿನಗಳಿಂದ ಕೂಡಿಸಿಕೊಂಡು ಬಂದಿದ್ದನ್ನೆಲ್ಲ ಫೋಟೋ ತೆಗೆದು, ವಿಡಿಯೋ ಮಾಡಿ ನೆಟ್‌ಗೆ ಹಾಕಿದರು. ಅಂದರೆ ಎರಡು ನಿಮಿಷದ ವಿಡಿಯೋ ಹಿಂದೆ ಮೂವತ್ತು ವರ್ಷ ಹಳ್ಳಿ ಮಕ್ಕಳ ಕೈಯಲ್ಲಿ ಟೆಸ್ಟಿಂಗ್ ಆಗಿದೆ. ಪ್ರೊಡಕ್ಷನ್‌ಗೆ ಹೋಗೋ ಮುಂಚೆ ನಮಗೆ ಎರಡು ವಾರ ಸಿಕ್ಕರೆ ಪುಣ್ಯ.

ಕನ್ನಡದಲ್ಲಿ ಏನೂ ಆಗಲಿಲ್ವಾ ಅಂತ ಕೇಳಬೇಡಿ, ಅಪ್ಪ ಬೈತಾರೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದಿದ್ದು 1918ರಲ್ಲಿ. ಎರಡು ವರ್ಷ ನಡೆಯಿತು. ಶಿವರಾಮ ಕಾರಂತರು ಒಬ್ಬರೇ ಕೂತು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಬರೆದರು. 1978ರಲ್ಲಿ, ಗುಪ್ತಾ ರಜೆ ಹಾಕಿದ ಅದೇ ವರ್ಷ, 'ಬಾಲ ವಿಜ್ಞಾನ' ಪತ್ರಿಕೆ ಶುರುವಾಯ್ತು. ಅಪ್ಪನ ಸ್ಕೂಲಿಗೆ ಅದು ಬರ್ತಿತ್ತು. ಬಂದ ದಿನ ನಾನು ಮೊದಲು ಓದಬೇಕು ಅಂತ ಅವರು ಅದನ್ನ ಒಂದು ರಾತ್ರಿಗೆ ಮನೆಗೆ ತರ್ತಿದ್ದರು, ಬೆಳಿಗ್ಗೆ ವಾಪಸ್. ನೆಟ್ ಬಂದ ಮೇಲೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಮೇಷ್ಟರುಗಳೇ ಬರೆಯೋ ಮುಕ್ತ ಸಂಪನ್ಮೂಲ ತಾಣ ಕಟ್ಟಿದವು, ವಿಕಿಪೀಡಿಯಾ ಥರದ್ದು. ಫೆಟ್‌ನಲ್ಲೂ ಕನ್ನಡ ಅನುವಾದಗಳಿವೆ. ಆದರೆ ಅದರ ಹಳೆಯ ಸಿಮ್ಯುಲೇಷನ್‌ಗಳಲ್ಲಿ ಬಹಳಷ್ಟು ಜಾವಾ, ಫ್ಲ್ಯಾಶ್‌ನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕಥೆ ಮುಗೀತಲ್ಲ, ಒಂದೊಂದನ್ನೇ ಎಚ್‌ಟಿಎಂಎಲ್5ಗೆ ಹೊಸದಾಗಿ ಬರೆಯಬೇಕಾಯ್ತು. ಬೆಂಕಿಕಡ್ಡಿಗೆ ಈ ತೊಂದರೆ ಇಲ್ಲ.

ಈಗ ಮೋಟರ್. ಅಂಗಡಿ ಎಲ್ಲಾ ಮುಚ್ಚಿತ್ತು. ಕೆಟ್ಟ ಟೇಬಲ್ ಫ್ಯಾನ್ ಬಿಚ್ಚಿ ತಾಮ್ರದ ತಂತಿ ತೆಗೆದೆವು, ಹಳೇ ಕಂಪ್ಯೂಟರ್ ಸ್ಪೀಕರ್ ಒಡೆದು ಆಯಸ್ಕಾಂತ. ಸೇಫ್ಟಿ ಪಿನ್ ಎರಡು ನನ್ನ ಹೆಂಡತಿಯದು, ಹೇಳದೆ ತಗೊಂಡಿದ್ದು. ಸೆಲ್ಲಿನ ಎರಡೂ ತುದಿಗೆ ಪಿನ್ ನಿಲ್ಲಿಸಿ ರಬ್ಬರ್ ಬ್ಯಾಂಡ್ ಬಿಗಿದು, ಮೇಲೆ ಆಯಸ್ಕಾಂತ ಇಟ್ಟು, ತಂತಿಯ ಸುರುಳಿಯನ್ನು ಪಿನ್ನಿನ ಕಣ್ಣುಗಳಲ್ಲಿ ತೂರಿಸಿದೆವು. ತಂತಿ ಮೇಲೆ ಅವಾಹಕ ಲೇಪ ಇರುತ್ತೆ, ಅದನ್ನ ಬ್ಲೇಡಿನಿಂದ ಕೆರೆಯಬೇಕು. ನಾನು ಇಂಜಿನಿಯರ್ ಅಲ್ವಾ, ಎರಡೂ ತುದಿ ನೀಟಾಗಿ ಪೂರ್ತಿ ಕೆರೆದೆ. ಸುರುಳಿ ಆ ಕಡೆ ಈ ಕಡೆ ತೂಗಾಡಿ ನಿಂತುಬಿಡ್ತು. ಹತ್ತು ಸಲ ಮಾಡಿದರೂ ಅಷ್ಟೇ.

ಅಪ್ಪ ನಗ್ತಾ ಕೂತಿದ್ದರು. "ಉಯ್ಯಾಲೆ ತಳ್ತೀಯಲ್ಲ ಪುಟ್ಟಿ, ಮುಂದೆ ಹೋಗುವಾಗಲೂ ತಳ್ಳಿ, ಹಿಂದೆ ಬರುವಾಗಲೂ ತಡೆದು ತಳ್ಳಿದ್ರೆ ಏನಾಗುತ್ತೆ?" ಅಂತ ಮಗಳನ್ನ ಕೇಳಿದರು. "ನಿಲ್ಲುತ್ತೆ ತಾತ." "ಹಂಗಾದ್ರೆ ಅರ್ಧ ಸುತ್ತು ಸುಮ್ಮನಿರಬೇಕು ತಾನೆ?" ಅಷ್ಟೇ. ಕರೆಂಟು ಸದಾ ಹರೀತಿದ್ದರೆ ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ತಳ್ಳುತ್ತೆ. ಒಂದು ತುದಿಯಲ್ಲಿ ಒಂದು ಬದಿಯ ಲೇಪ ಹಾಗೇ ಬಿಟ್ಟರೆ ಆ ಹೊತ್ತಲ್ಲಿ ಕರೆಂಟು ಕಟ್, ವೇಗದ ಮೇಲೆ ಸುರುಳಿ ತಾನೇ ದಾಟಿಕೊಳ್ಳುತ್ತೆ. ವಿಡಿಯೋದಲ್ಲೂ ಅದನ್ನೇ ತೋರಿಸಿದ್ದರು, ನಾನು ಮುಂದಕ್ಕೆ ಓಡಿಸಿಬಿಟ್ಟಿದ್ದೆ. ಮಗಳು ಹೊಸ ತಂತಿ ತಗೊಂಡು ತಾನೇ ಕೆರೆದಳು. ತಿರುಗಿತು. ಅವಳ ಬಾಯಿಂದ ಬಂದಿದ್ದು "ತಾತಾ, ಇಲ್ಲಿ ಅವಾಹಕ, ಇಲ್ಲಿ ವಾಹಕ!"

ಆ ಆ್ಯಪ್ ಮುಂದಿನ ವರ್ಷ ರಿನ್ಯೂ ಮಾಡಲಿಲ್ಲ. ಅದೇನು ಕೆಟ್ಟದ್ದು ಅಂತ ಅಲ್ಲ. ಬಿಟ್ಟಿ ವಿಡಿಯೋಗಳನ್ನೂ ಐವತ್ತು ನೋಡಿ ಒಂದೂ ಮಾಡದೆ ಇರಬಹುದು, ನಾನೇ ಅದಕ್ಕೆ ಸಾಕ್ಷಿ. ಹೋಶಂಗಾಬಾದಿನಲ್ಲಿ ಪಕ್ಕದಲ್ಲಿ ಕೂರೋಕೆ ಒಬ್ಬ ಮೇಷ್ಟರು ಇದ್ದರು, ನಮ್ಮ ಮನೆಯಲ್ಲಿ ಲಾಕ್‌ಡೌನ್ ಪುಣ್ಯದಿಂದ ಒಬ್ಬರು ಸಿಕ್ಕಿದ್ದರು.

ಅಪ್ಪ ಊರಿಗೆ ಹೋಗಿ ಈಗ ವರ್ಷಗಳಾದವು. ಭಾನುವಾರದ ಫೋನಿನಲ್ಲಿ ಮೊಮ್ಮಗಳಿಗೆ ಒಂದು ಪ್ರಶ್ನೆ ಇದ್ದೇ ಇರುತ್ತೆ. ಹೋದ ವಾರದ್ದು, ಮೋಟರಿನ ಆಯಸ್ಕಾಂತ ಮಗುಚಿ ಇಟ್ಟರೆ ಏನಾಗುತ್ತೆ ಅಂತ. "ಹೇಳಿಬಿಡಿ ತಾತ, ನನಗೆ ಬೋರ್ಡ್ ಎಕ್ಸಾಮ್ ಇದೆ" ಅಂದಳು. "ಆಯಸ್ಕಾಂತ ಎಲ್ಲಿಟ್ಟಿದ್ದೀಯ?" ಅಂದ್ರು ಅವರು. ಅದು ಫ್ರಿಜ್ ಬಾಗಿಲ ಮೇಲಿದೆ, ಕರೆಂಟ್ ಬಿಲ್ ಹಿಡಿದುಕೊಂಡಿದೆ.