ಸಂವಾದಿ ಮಾಧ್ಯಮ ಸಂಶೋಧನೆಯಲ್ಲಿ ವಿನ್ಯಾಸ

ಬಳಸುವವರ ಕೈ, ಕಣ್ಣು, ಮಾತುಗಳಿಗೆ ಸ್ಪಂದಿಸುವ ಮಾಧ್ಯಮಗಳನ್ನು ಒಟ್ಟಾಗಿ ಸಂವಾದಿ ಮಾಧ್ಯಮ ಎನ್ನುತ್ತಾರೆ. ಕಂಪ್ಯೂಟರ್ ಪರದೆ, ಮೊಬೈಲ್ ಆ್ಯಪ್, ಮಾಹಿತಿ ಕಿಯೋಸ್ಕ್, ವಿಡಿಯೊ ಗೇಮ್, ವಸ್ತುಸಂಗ್ರಹಾಲಯದ ಡಿಜಿಟಲ್ ಪ್ರದರ್ಶನಗಳೆಲ್ಲ ಇದರಲ್ಲಿ ಸೇರುತ್ತವೆ. ಈ ಕ್ಷೇತ್ರದ ಸಂಶೋಧನೆಯಲ್ಲಿ ವಿನ್ಯಾಸಕ್ಕೆ ಎರಡು ಪಾತ್ರಗಳಿವೆ. ಸಿದ್ಧವಾದ ತಂತ್ರಜ್ಞಾನವನ್ನು ಬಳಸಲು ಸುಲಭವಾಗಿಸುವುದು ಒಂದು. ಮಾದರಿಯೊಂದನ್ನು ರೂಪಿಸಿ, ಜನರ ಕೈಗೆ ಕೊಟ್ಟು, ಅವರು ಎಡವಿದಲ್ಲಿ ತಿದ್ದುತ್ತಾ, ಮೊದಲು ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಹೊರತೆಗೆಯುವುದು ಇನ್ನೊಂದು. ಕರ್ನಾಟಕದಲ್ಲಿ ಎರಡನೆಯ ಬಗೆಯ ಕೆಲಸ ಹೆಚ್ಚಾಗಿ 2000ದ ನಂತರ ಬೆಳೆಯಿತು. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಹುಟ್ಟಿದ ಮಾದರಿಗಳು ಸರ್ಕಾರಿ ಶಾಲೆ, ಕೊಳೆಗೇರಿ ಮತ್ತು ಹೊಲಗಳಲ್ಲಿ ಪರೀಕ್ಷೆಗೊಳಗಾದವು.

ಪರಿಕಲ್ಪನೆ

ಹರ್ಬರ್ಟ್ ಸೈಮನ್ 1969ರಲ್ಲಿ ಪ್ರಕಟಿಸಿದ ‘ದಿ ಸೈನ್ಸಸ್ ಆಫ್ ದಿ ಆರ್ಟಿಫಿಷಿಯಲ್’ ಕೃತಿಯಲ್ಲಿ, ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ಒಯ್ಯುವ ಚಿಂತನೆಯೆಲ್ಲವೂ ವಿನ್ಯಾಸವೇ ಎಂದು ವಾದಿಸಿದರು. ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಸಂಶೋಧನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ವಿನ್ಯಾಸವನ್ನು ಕುರಿತದ್ದು, ವಿನ್ಯಾಸಕ್ಕಾಗಿ ಮಾಡಿದ್ದು, ವಿನ್ಯಾಸದ ಮೂಲಕ ನಡೆಯುವುದು. ಮೂರನೆಯದರಲ್ಲಿ ತಯಾರಾದ ವಸ್ತುವೇ ಪ್ರಯೋಗದ ಸಾಧನ. ಜಾನ್ ಜಿಮ್ಮರ್‌ಮನ್, ಜೋಡಿ ಫೋರ್ಲಿಜ್ಜಿ ಮತ್ತು ಶೆಲ್ಲಿ ಎವೆನ್ಸನ್ 2007ರಲ್ಲಿ ಈ ವಿಧಾನಕ್ಕೆ ಮಾನವ–ಕಂಪ್ಯೂಟರ್ ಸಂವಹನ ಕ್ಷೇತ್ರದಲ್ಲಿ ಒಂದು ಚೌಕಟ್ಟು ಕೊಟ್ಟರು. ಸ್ಕ್ಯಾಂಡಿನೇವಿಯಾದಲ್ಲಿ 1970ರ ದಶಕದಲ್ಲಿ ಕಾರ್ಮಿಕ ಸಂಘಗಳ ಜೊತೆಗೂಡಿ ಬೆಳೆದ ಸಹಭಾಗಿ ವಿನ್ಯಾಸ ಇದರ ಇನ್ನೊಂದು ಬೇರು. ಯಂತ್ರದೊಂದಿಗೆ ಕೆಲಸ ಮಾಡಬೇಕಾದವರಿಗೆ ಅದರ ರೂಪವನ್ನು ನಿರ್ಧರಿಸುವಲ್ಲಿಯೂ ಪಾಲಿರಬೇಕು ಎಂಬುದು ಅದರ ನಿಲುವು.

ಪೂರ್ವರೂಪಗಳು

ನೋಡುಗರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಕಂಪ್ಯೂಟರ್‌ಗಿಂತ ಹಳೆಯದು. ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ ಎರಡು ಚಿತ್ರಗಳು ಇದಕ್ಕೆ ಎರಡು ಉತ್ತರ ಕೊಡುತ್ತವೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯಲ್ಲಿ ಬ್ರಿಟಿಷರ ವಿರುದ್ಧ ನಡೆದ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದನ್ನು ನೋಡುವವರು ಜಗಲಿಯುದ್ದಕ್ಕೂ ನಡೆಯುತ್ತಾ, ತಮಗೆ ಬೇಕಾದಲ್ಲಿ ನಿಂತು, ಕದನವನ್ನು ತಾವೇ ಜೋಡಿಸಿಕೊಳ್ಳಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾದ ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಬರೆದ ಆ ಮುತ್ತಿಗೆಯ ಪನೋರಮಾ (ನೋಡುಗರನ್ನು ಬಳಸಿ ನಿಲ್ಲುವ ವಿಶಾಲ ಚಿತ್ರ) ಪ್ರದರ್ಶನಗೊಂಡಿತು. ಭಾರತವನ್ನು ಅದುವರೆಗೆ ಕಂಡಿರದ ಆ ಯುವ ಕಲಾವಿದ ಸುಮಾರು 120 ಅಡಿ ಉದ್ದದ ಚಿತ್ರವನ್ನು ಆರು ವಾರಗಳಲ್ಲಿ ಮುಗಿಸಿದನೆಂದು ಹೇಳುತ್ತಾರೆ. ಟಿಕೆಟ್ ಕೊಂಡು ಒಳಹೊಕ್ಕವರಿಗೆ ತಾವು ಯುದ್ಧದ ನಡುವೆಯೇ ಇದ್ದೇವೆ ಅನ್ನಿಸುತ್ತಿತ್ತು. ಆದರೆ ಅವರು ನಿಂತದ್ದು ಗೆದ್ದವರ ಕಡೆಯಲ್ಲಿ. ಇಂದಿನ ವರ್ಚುವಲ್ ರಿಯಾಲಿಟಿಯ ಇತಿಹಾಸಕಾರರು ಇಂಥ ಪನೋರಮಾಗಳನ್ನು ಆ ಮಾಧ್ಯಮದ ಪೂರ್ವಜರೆಂದು ಪರಿಗಣಿಸುತ್ತಾರೆ. ನೋಡುಗರ ಸ್ಥಾನವನ್ನು ನಿರ್ಧರಿಸಿದವರೇ ಅರ್ಥವನ್ನೂ ಅರ್ಧ ನಿರ್ಧರಿಸಿರುತ್ತಾರೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ತಾಲ್ಲೂಕು ಕಚೇರಿಯ ಎರಡನೆಯ ಪರದೆ

ಕರ್ನಾಟಕದ ಹಳ್ಳಿಗರು ದೊಡ್ಡ ಸಂಖ್ಯೆಯಲ್ಲಿ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಎದುರಿಸಿದ್ದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಇದರಲ್ಲಿ ಗಣಕೀಕೃತವಾದವು. ಅದಕ್ಕೂ ಮುಂಚೆ ಪಹಣಿ (ಜಮೀನಿನ ದಾಖಲೆ) ಬೇಕಾದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು; ಅವರು ಸಿಕ್ಕಿದರೂ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು ರೈತನ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲವೂ ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವಂತಾಯಿತು.

ಸಂವಾದಿ ವಿನ್ಯಾಸದ ದೃಷ್ಟಿಯಿಂದ ಇಲ್ಲಿ ಮೂರು ನಿರ್ಧಾರಗಳು ಮುಖ್ಯ. ಕೌಂಟರ್‌ನಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನು ಯೋಜನೆಯಲ್ಲಿ ಸೇರಿಸಲಾಯಿತು; ನೌಕರ ಒಳಗೆ ಏನು ಮಾಡುತ್ತಿದ್ದಾನೆ ಎಂಬುದನ್ನು ಹೊರಗೆ ನಿಂತವನೂ ನೋಡಬಹುದು. ನೌಕರರು ಹೆಬ್ಬೆರಳ ಗುರುತು ಕೊಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಾದ್ದರಿಂದ ಪ್ರತಿ ತಿದ್ದುಪಡಿಗೂ ಒಬ್ಬ ಹೊಣೆಗಾರ ಸಿಗುತ್ತಾನೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ತಂತ್ರಾಂಶವೇ ಕಟ್ಟುಹಾಕುತ್ತದೆ. ಮೂರರಲ್ಲಿ ಒಂದೂ ಅಂದಚೆಂದದ ವಿಷಯವಲ್ಲ. ಯಾರು ಯಾರನ್ನು ನೋಡಬಹುದು, ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಅವು ಬದಲಿಸಿದವು.

ಅಕ್ಷರವಿಲ್ಲದ ಪರದೆ

ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿನ ಇಂದ್ರಾಣಿ ಮೇಧಿ, ಅಮನ್ ಸಾಗರ್ ಮತ್ತು ಕೆಂಟಾರೊ ಟೊಯಾಮ, ಸ್ತ್ರೀ ಜಾಗೃತಿ ಸಮಿತಿ ಎಂಬ ಸಂಘಟನೆಯ ನೆರವಿನಿಂದ ನಗರದ ಕೊಳೆಗೇರಿಗಳಲ್ಲಿ ವಾಸಿಸುವ ಮನೆಗೆಲಸದ ಹೆಂಗಸರಿಗಾಗಿ ಕೆಲಸ ಹುಡುಕಿಕೊಡುವ ತಂತ್ರಾಂಶವೊಂದನ್ನು ರೂಪಿಸಿದರು. ಪರದೆಯಲ್ಲಿ ಅಕ್ಷರಗಳಿರಲಿಲ್ಲ, ಚಿತ್ರ, ಧ್ವನಿ, ಅಂಕಿಗಳಷ್ಟೇ ಇದ್ದವು. ಕೈಯಲ್ಲಿ ಬರೆದ ಸರಳ ಚಿತ್ರಗಳು ಚೆನ್ನಾಗಿ ಅರ್ಥವಾದವು. ಕೆಲಸವನ್ನು ತೋರಿಸುವ ಚಿತ್ರಕ್ಕೆ ಚಲನೆಯ ಸುಳಿವು ಬೇಕಿತ್ತು: ಪಾತ್ರೆಯ ಮೇಲೆ ನೀರು ಬೀಳುತ್ತಿದ್ದರೆ ಮಾತ್ರ ಅದು ಪಾತ್ರೆ ತೊಳೆಯುವ ಕೆಲಸವೆಂದು ತಿಳಿಯುತ್ತಿತ್ತು.

ಇಷ್ಟಾದರೂ ಹಲವರು ಪರದೆಯ ಮುಂದೆ ಸುಮ್ಮನೆ ಕುಳಿತರು. ತೊಡಕು ಓದಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದು ಸಂಶೋಧಕರಿಗೆ ಹೊಳೆದದ್ದು ಆಗ. ಯಾರದೋ ಮನೆಯ ಕೆಲಸದ ವಿವರ ಈ ಪೆಟ್ಟಿಗೆಯೊಳಗೆ ಹೇಗೆ ಬಂತು, ಇದನ್ನು ಒತ್ತಿದರೆ ತನಗೇನು ಸಿಗುತ್ತದೆ ಎಂಬುದೇ ಬಳಸುವವರಿಗೆ ತಿಳಿದಿರಲಿಲ್ಲ. ಮನೆಯೊಡತಿ ಮಾಹಿತಿ ಕೊಡುವುದರಿಂದ ಹಿಡಿದು ಕೆಲಸದವಳು ಅದನ್ನು ಕಂಡು ಕೆಲಸ ಹಿಡಿಯುವವರೆಗಿನ ಕಥೆಯನ್ನು ಚಿಕ್ಕ ನಾಟಕದಂತೆ ಚಿತ್ರಿಸಿ ಮೊದಲೇ ತೋರಿಸಿದಾಗ ಫಲಿತಾಂಶ ಗಣನೀಯವಾಗಿ ಸುಧಾರಿಸಿತು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ಒಂದು ಕಂಪ್ಯೂಟರ್, ಹಲವು ಮೌಸ್

ಕರ್ನಾಟಕದ ಗ್ರಾಮೀಣ ಶಾಲೆಗಳಲ್ಲಿ ಒಂದೇ ಕಂಪ್ಯೂಟರ್‌ಗೆ ಹಲವು ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಮೌಸ್ ಮಾತ್ರ ಒಬ್ಬ ಗಟ್ಟಿಗನ ಕೈಯಲ್ಲಿರುತ್ತಿತ್ತು. ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್ ಮತ್ತು ಟೊಯಾಮ ಪ್ರತಿ ಮಗುವಿಗೂ ಒಂದು ಮೌಸ್, ಪರದೆಯ ಮೇಲೆ ಬೇರೆ ಬಣ್ಣದ ಒಂದು ಬಾಣ ಕೊಟ್ಟರು. ಯಂತ್ರಗಳನ್ನು ಹೆಚ್ಚಿಸದೆ, ಕಡಿಮೆ ಖರ್ಚಿನಲ್ಲಿ ಎಲ್ಲರಿಗೂ ಪಾಲು ಸಿಕ್ಕಿತು. ಆದರೆ ಮೊದಲು ಒತ್ತಿದವರೇ ಗೆಲ್ಲುವ ಆಟದಲ್ಲಿ ಮಕ್ಕಳು ಯೋಚಿಸದೆ ಒತ್ತತೊಡಗಿದರು. ಎಲ್ಲರೂ ಒಂದೇ ಉತ್ತರವನ್ನು ಒಪ್ಪಿ ಒತ್ತಿದರಷ್ಟೇ ಆಟ ಮುಂದುವರಿಯುವಂತೆ ನಿಯಮ ಬದಲಿಸಿದಾಗ ಮಾತುಕತೆ ಹೆಚ್ಚಿ ಕಲಿಕೆಯೂ ಸುಧಾರಿಸಿತು. ಉಪಕರಣ ಅದೇ, ಪಾಠವೂ ಅದೇ. ವ್ಯತ್ಯಾಸ ಮಾಡಿದ್ದು ನಿಯಮ.

ಹೊಲದ ವಿಡಿಯೊ

ರಿಕಿನ್ ಗಾಂಧಿ ಮತ್ತು ಸಂಗಡಿಗರ ‘ಡಿಜಿಟಲ್ ಗ್ರೀನ್’ ಯೋಜನೆ ಕರ್ನಾಟಕದಲ್ಲಿ ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆಗೂಡಿ ಆರಂಭವಾಯಿತು. ಸ್ಥಳೀಯ ರೈತರೇ ಬೇಸಾಯದ ಕ್ರಮಗಳನ್ನು ಮಾಡಿ ತೋರಿಸುವ ವಿಡಿಯೊಗಳನ್ನು ಊರಿನಲ್ಲಿ ಪ್ರದರ್ಶಿಸಲಾಗುತ್ತಿತ್ತು. ಊರಿನವರೇ ಆದ ಒಬ್ಬರು ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. 16 ಹಳ್ಳಿಗಳ 1,470 ಕುಟುಂಬಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ, ವಾಡಿಕೆಯ ಕೃಷಿ ತರಬೇತಿಗೆ ಹೋಲಿಸಿದರೆ ಕೆಲವು ಹೊಸ ಕ್ರಮಗಳ ಅಳವಡಿಕೆ ಏಳು ಪಟ್ಟು ಹೆಚ್ಚಿತು. ವಿಡಿಯೊದಲ್ಲಿರುವ ರೈತ ಯಾರು, ಯಾವ ಊರಿನವನು ಎಂಬುದೇ ನೋಡುಗರ ಮೊದಲ ಪ್ರಶ್ನೆಯಾಗಿರುತ್ತಿತ್ತು. ಮಾಹಿತಿಯ ಗುಣಮಟ್ಟಕ್ಕಿಂತ ಮುಂಚೆ ಹೇಳುವವನ ಮೇಲಿನ ನಂಬಿಕೆ ಕೆಲಸ ಮಾಡುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಪರಂಪರೆಯ ಡಿಜಿಟಲ್ ರೂಪ

ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ‘ಪ್ಲೇಸ್–ಹಂಪಿ’ 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲು ಪ್ರದರ್ಶನಗೊಂಡಿತು. 9 ಮೀಟರ್ ವ್ಯಾಸದ ದುಂಡು ಪರದೆಯ ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತವರು ವೇದಿಕೆಯನ್ನು ಎತ್ತ ತಿರುಗಿಸಿದರೆ ಅತ್ತ ಹಂಪಿಯ ದೃಶ್ಯ ತೆರೆದುಕೊಳ್ಳುತ್ತದೆ. ಛಾಯಾಚಿತ್ರಗಳು ಜಾನ್ ಗೋಲಿಂಗ್ಸ್ ಅವರವು. ಈ ಕೃತಿ ಮುಂದೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯೂ ಹಂಪಿಯನ್ನೇ ಮುಖ್ಯ ಪ್ರಯೋಗಭೂಮಿಯಾಗಿ ಆರಿಸಿಕೊಂಡಿತು.

ಪರಂಪರೆಯನ್ನು ಪರದೆಗೆ ತರುವುದು ಹೇಗೆ ಎಂಬ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯ ಸ್ಮಾರಕಗಳು ಬೇರೆ ರೀತಿಯಲ್ಲಿ ಒಡ್ಡುತ್ತವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ಪುರಾಣ ಕಥೆಗಳ ಶಿಲ್ಪಪಟ್ಟಿಕೆಗಳು ಹೊರಗೋಡೆಯನ್ನು ಸುತ್ತುವರಿದಿವೆ. ದೇವಾಲಯ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆ ಬರುತ್ತಾ ನೋಡಿದರೆ ಮಾತ್ರ ಕಥೆ ಸಾಲುಗೂಡುತ್ತದೆ. ಅವುಗಳನ್ನು ಬಿಡಿ ಚಿತ್ರಗಳಾಗಿ ಪರದೆಗೆ ತಂದರೆ ಶಿಲ್ಪ ಉಳಿದರೂ ಓದುವ ಕ್ರಮ ಕಳೆದುಹೋಗುತ್ತದೆ. ನಾಗಮಂಗಲದ ಸೌಮ್ಯಕೇಶವ ಮತ್ತು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣ ದೇವಾಲಯಗಳಲ್ಲಿ ಪೂಜೆ ಇಂದಿಗೂ ನಡೆಯುತ್ತದೆ. ಅಲ್ಲಿ ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂಬುದನ್ನು ಊರಿನವರನ್ನು ಕೇಳದೆ ವಿನ್ಯಾಸಕಾರರೇ ತೀರ್ಮಾನಿಸಲಾಗದು.

ಶಿಕ್ಷಣ ಮತ್ತು ಸಂಸ್ಥೆಗಳು

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಸಲ್ಲಿಸಿದ ‘ಇಂಡಿಯಾ ರಿಪೋರ್ಟ್’ ಆಧಾರದಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಅದರ ಬೆಂಗಳೂರು ಆವರಣದಲ್ಲಿ ಸಂವಾದಿ ವಿನ್ಯಾಸ ಮತ್ತು ಡಿಜಿಟಲ್ ಗೇಮ್ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣವಿದೆ. ಬೆಂಗಳೂರಿನ ಸೃಷ್ಟಿ ವಿನ್ಯಾಸ ಶಾಲೆ 1996ರಿಂದ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಸಂಸ್ಥೆಯೊಂದಿಗೆ ಸೇರಿ 2001ರಲ್ಲಿ ಮಾದರಿಯಾಗಿ ಹೊರತಂದ ‘ಸಿಂಪ್ಯೂಟರ್’ ಓದು ಬಾರದವರಿಗೂ ಸ್ಪರ್ಶಪರದೆ ಮತ್ತು ಭಾರತೀಯ ಭಾಷೆಗಳ ಧ್ವನಿಯ ಮೂಲಕ ನಿಲುಕುವ ಕೈಗಣಕವನ್ನು ಕಲ್ಪಿಸಿತು. ಮಾರುಕಟ್ಟೆಯಲ್ಲಿ ಅದು ಉಳಿಯಲಿಲ್ಲ.

ವಿಮರ್ಶೆ

ಒಂದು ಸ್ಥಳದಲ್ಲಿ ಒಂದು ಮಾದರಿಯಿಂದ ಕಂಡುಕೊಂಡದ್ದು ಬೇರೆಡೆಗೂ ಅನ್ವಯಿಸುತ್ತದೆಯೇ ಎಂಬುದು ಈ ವಿಧಾನದ ಮೇಲಿನ ಹಳೆಯ ಆಕ್ಷೇಪ. ವಿಲಿಯಂ ಗೇವರ್ 2012ರಲ್ಲಿ ಇದಕ್ಕೆ ಉತ್ತರವಾಗಿ, ವಿನ್ಯಾಸದಿಂದ ಹುಟ್ಟುವ ಸಿದ್ಧಾಂತ ತಾತ್ಕಾಲಿಕವಾದದ್ದು, ಮಾದರಿಗಳನ್ನು ಟಿಪ್ಪಣಿಗಳೊಡನೆ ಅಕ್ಕಪಕ್ಕ ಇಟ್ಟು ಓದುವುದೇ ಸೂಕ್ತ ಎಂದರು. ಮಾದರಿ ಕೆಲಸ ಮಾಡಿದರೂ ಅದರ ಲಾಭ ಯಾರಿಗೆ ಎಂಬುದು ಎರಡನೆಯ ಆಕ್ಷೇಪ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, ಭೂದಾಖಲೆಗಳ ಗಣಕೀಕರಣ ಬೆಂಗಳೂರಿನ ಸುತ್ತ ದೊಡ್ಡ ಭೂ ವ್ಯವಹಾರಸ್ಥರಿಗೆ ಹೆಚ್ಚು ಅನುಕೂಲ ಮಾಡಿಕೊಟ್ಟಿತೆಂದು ವಾದಿಸಿದರು. ಕೌಂಟರಿನ ಎರಡನೆಯ ಪರದೆ ಒಬ್ಬ ರೈತನಿಗೆ ತನ್ನ ಪಹಣಿಯನ್ನು ತೋರಿಸಬಲ್ಲದು. ಇಡೀ ಜಿಲ್ಲೆಯ ದಾಖಲೆ ಒಂದೆಡೆ ಸೇರಿದಾಗ ಅದನ್ನು ಓದುವ ಶಕ್ತಿ ಯಾರಿಗಿದೆ ಎಂಬುದು ಅದರ ಅಳವಿಗೆ ಮೀರಿದ್ದು. ಆದ್ದರಿಂದ ಇತ್ತೀಚಿನ ಸಂಶೋಧನೆ ಪರದೆಯ ಮುಂದಿನ ಬಳಕೆಯ ಜೊತೆಗೆ ದತ್ತಾಂಶದ ಒಡೆತನ, ನಿರ್ವಹಣೆ ಮತ್ತು ಉತ್ತರದಾಯಿತ್ವವನ್ನೂ ವಿನ್ಯಾಸದ ವ್ಯಾಪ್ತಿಗೆ ಸೇರಿಸಿಕೊಳ್ಳುತ್ತಿದೆ.