ಎಂ. ಆರ್. ಶ್ರೀನಿವಾಸನ್

ಭಾರತದ ಅಣುವಿದ್ಯುತ್ ಸ್ಥಾವರಗಳನ್ನು ಕಟ್ಟಿದ ಪ್ರಮುಖ ಎಂಜಿನಿಯರ್ (1930–2025). ಹುಟ್ಟಿದ್ದು ಬೆಂಗಳೂರಿನಲ್ಲಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿದರು. ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ ದೇಶದ ಮೊದಲ ಸಂಶೋಧನಾ ರಿಯಾಕ್ಟರ್ ‘ಅಪ್ಸರಾ’ದ ನಿರ್ಮಾಣದಲ್ಲಿ ದುಡಿದರು. 1987ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅದೇ ವರ್ಷ ಹುಟ್ಟಿದ ಅಣುವಿದ್ಯುತ್ ನಿಗಮದ ಮೊದಲ ಅಧ್ಯಕ್ಷರೂ ಅವರೇ.

ತವರು ರಾಜ್ಯದಲ್ಲೇ ಅವರ ಕಾರ್ಯಕ್ರಮಕ್ಕೆ ಗಟ್ಟಿ ವಿರೋಧ ಎದ್ದಿತು. ಉತ್ತರ ಕನ್ನಡದ ಕೈಗಾ ಸ್ಥಾವರದ ವಿರುದ್ಧ ದನಿಯೆತ್ತಿದವರಲ್ಲಿ ಸಾಹಿತಿ ಶಿವರಾಮ ಕಾರಂತರು ಮುಖ್ಯರು. ಇಳಿವಯಸ್ಸಿನಲ್ಲಿ, 1989ರಲ್ಲಿ, ಕಾರಂತರು ಲೋಕಸಭಾ ಚುನಾವಣೆಗೂ ನಿಂತರು. ಪರ, ವಿರೋಧ ಎರಡೂ ಕಡೆ ಇಷ್ಟು ಎತ್ತರದ ಕನ್ನಡಿಗರಿದ್ದ ವಿವಾದಗಳು ವಿರಳ. ಕೈಗಾದ ಮೊದಲ ಎರಡು ಘಟಕಗಳು, ತಲಾ 220 ಮೆಗಾವಾಟ್, 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಿವೃತ್ತಿಯ ನಂತರವೂ ಶ್ರೀನಿವಾಸನ್ ಪತ್ರಿಕೆಗಳಲ್ಲಿ ಅಣುವಿದ್ಯುತ್ತಿನ ಪರ ಬರೆಯುತ್ತಿದ್ದರು. 2015ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂತು.